ಕೊನೆಯ ವರ್ಷದ ಫೋಟೋ

ಜಯನಗರ, 13-3-1979

ಅಕ್ಕನಿಗೆ ನಮಸ್ಕಾರ.

ಹರಿಜನ ಹಾಸ್ಟೆಲಿನಿಂದ ನನ್ನ ಜೊತೆ ಬಿ.ಎ. ಸೇರಿದ್ದ ಹತ್ತು ಮಂದಿಯೂ ಒಬ್ಬೊಬ್ಬರಾಗಿ ಓದು ಬಿಟ್ಟರು. ಅವರಲ್ಲಿ ಬೈಲಪ್ಪ ಈಗ ಜೆ.ಪಿ. ನಗರದಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಾನೆ. ಕೊನೆಯ ವರ್ಷಕ್ಕೆ ಉಳಿದವನು ನಾನೊಬ್ಬನೇ.

ನಿನ್ನೆ ಕಾಲೇಜಿನಲ್ಲಿ ನಮ್ಮ ಕ್ಲಾಸಿನ ಫೋಟೋ ತೆಗೆದರು. ಷರಟು ಇಸ್ತ್ರಿ ಮಾಡಿಸಿಕೊಂಡು ಹಿಂದಿನ ಸಾಲಿನಲ್ಲಿ ನಿಂತಿದ್ದೆ. ಫೋಟೋದವನು ನನ್ನತ್ತ ಕೈ ತೋರಿಸಿ, “ಏಯ್ ಅಟೆಂಡರ್, ನೀನು ಆಚೆ ಬಾರಯ್ಯ. ಬರೀ ಸ್ಟೂಡೆಂಟ್ಸು” ಅಂದ. ಎಲ್ಲರಿಗೂ ಕೇಳಿಸಿತು. ಮೂರು ವರ್ಷ ಪಕ್ಕದಲ್ಲಿ ಕೂತವರೂ ತುಟಿ ಬಿಚ್ಚಲಿಲ್ಲ. ಆಚೆ ಬಂದು ನಿಂತೆ. ಅವನು ಫೋಟೋ ತೆಗೆದ.

ಹೋದ ವಾರ ಬಂದಿದ್ದ ಜ್ವರ ಬಿಟ್ಟಿದೆ, ಆದರೂ ಊಟ ಸೇರುತ್ತಿಲ್ಲ. ಪರೀಕ್ಷೆ ಬರೆಯುವ ಮನಸ್ಸೇ ಇಲ್ಲ. ಅಪ್ಪ ಫೋಟೋ ಕೇಳಿದರೆ, ಈ ವರ್ಷ ತೆಗೆಸಲೇ ಇಲ್ಲವಂತೆ ಅನ್ನು.

ಅವಸರದಲ್ಲಿ,
ನಿನ್ನ ತಮ್ಮ ಸಂಜೀವಯ್ಯ