ಗಟ್ಟಿಯಾಗಿ ಹೊಲಿದ ತಪ್ಪಿಗೆ

ಪಾಸ್‌ಪೋರ್ಟ್ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಎಂಟು ತಿಂಗಳ ಹಿಂದೆ ನಿಮ್ಮ ಕಚೇರಿ ನನ್ನ ಪಾಸ್‌ಪೋರ್ಟನ್ನು ಕಿತ್ತಿಟ್ಟುಕೊಂಡಿತು. ನಾನು ಅದರಲ್ಲಿ ಹೆಸರು ತಿದ್ದಿರಲಿಲ್ಲ, ಫೋಟೊ ಬದಲಿಸಿರಲಿಲ್ಲ, ಒಂದು ಹಾಳೆಯನ್ನೂ ಹರಿದಿರಲಿಲ್ಲ. ನೀವು ಸಡಿಲವಾಗಿ ಹೊಲಿದು ಕೊಟ್ಟದ್ದನ್ನು ಗಟ್ಟಿಯಾಗಿ ಹೊಲಿದೆ, ಅಷ್ಟೆ. ಈ ಘೋರ ಕೃತ್ಯಕ್ಕೆ ನಿಮ್ಮಲ್ಲಿ ಶಿಕ್ಷೆಯೂ ಇಲ್ಲ, ಕ್ಷಮೆಯೂ ಇಲ್ಲ, ತುಂಬಿಕೊಡಲು ಒಂದು ಫಾರಂ ಕೂಡ ಇಲ್ಲ ಎಂಬುದೇ ನನ್ನ ದೂರು. ಇದುವರೆಗೆ ಏಳು ಪತ್ರಗಳನ್ನು ಲಕೋಟೆಯಲ್ಲಿಟ್ಟು ಅಂಟಿಸಿ ಕಳಿಸಿದೆ. ಅಂಟು ಹಾಕುವುದು ನನ್ನ ಕಸುಬಾದ್ದರಿಂದ ಲಕೋಟೆ ಬಿಚ್ಚಲು ನಿಮಗೆ ಕಷ್ಟವಾಗಿರಬಹುದು. ಹಾಗಾಗಿ ಈ ಎಂಟನೆಯದನ್ನು ತೆರೆದೇ ಇಟ್ಟಿದ್ದೇನೆ. ಊರವರೆಲ್ಲ ಓದಲಿ, ಆಮೇಲಾದರೂ ನಿಮ್ಮ ಕಣ್ಣಿಗೆ ಬಿದ್ದೀತು.

ನಾನು ಪುಸ್ತಕ ಬೈಂಡ್ ಮಾಡುವವನು. ಮೂವತ್ತೊಂದು ವರ್ಷಗಳಿಂದ ದಬ್ಬಣ, ದಾರ, ರಟ್ಟು, ಅಂಟಿನ ಡಬ್ಬಿ ಬಿಟ್ಟರೆ ಬೇರೆ ಪ್ರಪಂಚ ಕಂಡವನಲ್ಲ. ತಾವು ದಿನವೂ ಸಹಿ ಹಾಕುವ ಆ ದಪ್ಪ ರಿಜಿಸ್ಟರುಗಳನ್ನು ಒಮ್ಮೆ ಮಗುಚಿ ನೋಡಿ. ಬೆನ್ನಿಗೆ ಕಪ್ಪು ಬಟ್ಟೆ, ನಾಲ್ಕು ಮೂಲೆಗೂ ಕೆಂಪು ಬಟ್ಟೆ. ಅದು ನನ್ನ ಕೈಕೆಲಸ. ಇಪ್ಪತ್ತು ವರ್ಷಗಳಿಂದ ನಿಮ್ಮ ಕಚೇರಿಯ ಬೈಂಡಿಂಗ್ ನನ್ನ ಅಂಗಡಿಯಲ್ಲೇ ಆಗುತ್ತಿದೆ. ಒಂದು ಹಾಳೆ ಕಳಚಿ ಬಿತ್ತೆಂದು ಯಾರೂ ಈವರೆಗೆ ಹೇಳಿಲ್ಲ. ಇದನ್ನು ಜಂಬಕ್ಕಾಗಿ ಬರೆಯುತ್ತಿಲ್ಲ. ಸರಿ, ಸ್ವಲ್ಪ ಜಂಬಕ್ಕೂ ಹೌದು.

ಇಂಥವನಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ಪರದೇಶದ ಹುಚ್ಚು ಯಾಕೆ ಹಿಡಿಯಿತು ಎಂದು ನಿಮ್ಮ ಮೂರನೇ ಕಿಟಕಿಯ ಅಧಿಕಾರಿ ಕೇಳಿದರು. ಹುಚ್ಚಲ್ಲ, ಅಕ್ಕ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ನನಗೆ ಐದು. ಅಲ್ಲಿಂದ ನನ್ನನ್ನು ತಿದ್ದಿ, ತೀಡಿ, ಬೈದು ಮನುಷ್ಯನನ್ನಾಗಿ ಮಾಡಿದವಳು ಅವಳೇ. ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿ ಪರದೇಶಕ್ಕೆ ಹೋದಳು, ಅಲ್ಲೇ ಮದುವೆಯಾದಳು. ಕೊನೆಯ ಸಲ ಇಲ್ಲಿಗೆ ಬಂದು ಹೋಗಿ ಹದಿನಾಲ್ಕು ವರ್ಷವಾಯಿತು. ಕಳೆದ ವರ್ಷ ಅವಳ ಗಂಟಲು ಕೆಟ್ಟಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತು ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಆ ಸುದ್ದಿಯನ್ನು ಅವಳೇ ಫೋನಿನಲ್ಲಿ ಹೇಳಿದಳು.

"ಆಪರೇಷನ್ ಮುಂಚೆ ಒಂದ್ಸಲ ಬಾರೋ. ನಿನ್ನ ಎದುರು ಕೂರಿಸ್ಕೊಂಡು ಬೈಬೇಕು."

"ಈಗ್ಲೇ ಬೈಯಕ್ಕ, ಕೇಳಿಸ್ಕೊಳ್ತೀನಿ."

"ಫೋನಲ್ಲಿ ಬೈದ್ರೆ ನೀನು ಇಟ್ಬಿಡ್ತೀಯ. ನಿನ್ನ ಬುದ್ಧಿ ಗೊತ್ತಿಲ್ವಾ ನಂಗೆ?"

ಅವಳು ನಕ್ಕಳು. ನಗು ಅರ್ಧದಲ್ಲೇ ಕೆಮ್ಮಾಯಿತು. ನಾನು ಅಂದೇ ಅಂಗಡಿಗೆ ಬೀಗ ಹಾಕಿ ನಿಮ್ಮ ಕಚೇರಿಗೆ ಬಂದು ಅರ್ಜಿ ಹಾಕಿದೆ. ಪಾಸ್‌ಪೋರ್ಟ್ ಒಂದು ತಿಂಗಳೊಳಗೆ ಬಂತು. ಅದಕ್ಕೆ ಕೃತಜ್ಞತೆಗಳು. ಅದನ್ನೂ ಹೇಳದಿದ್ದರೆ ಅಕ್ಕ ಬೈದಾಳು.

ಮೊದಲ ಸಲ ವಿಮಾನ ಹತ್ತುವವನ ತಯಾರಿ ಹೇಗಿರುತ್ತದೆಂದು ತಮಗೆ ತಿಳಿದಿರಲಿ. ಪಕ್ಕದ ಮನೆಯಲ್ಲಿ ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತರಾದವರೊಬ್ಬರಿದ್ದಾರೆ. ಹಡಗು ನಡೆಸಿದವರಲ್ಲ, ಆದರೂ ಬೀದಿಯೆಲ್ಲ ಅವರನ್ನು ಕ್ಯಾಪ್ಟನ್ ಎನ್ನುತ್ತದೆ. ನನ್ನ ತರಬೇತಿಯ ಹೊಣೆ ಅವರೇ ಹೊತ್ತರು. ಮೂರು ದಿನ ದೊಡ್ಡ ಅಂಗಡಿಯೊಂದಕ್ಕೆ ಕರೆದುಕೊಂಡು ಹೋಗಿ ಚಲಿಸುವ ಮೆಟ್ಟಿಲು ಹತ್ತಿಸಿ ಇಳಿಸಿದರು. ಏನನ್ನೂ ಕೊಳ್ಳದೆ ಮೇಲೆ ಕೆಳಗೆ ಓಡಾಡುವ ಇಬ್ಬರನ್ನು ಕಂಡು ಕಾವಲಿನವನು ಹಿಂದೆ ಬಿದ್ದ. "ಆಫೀಸರ್ ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡು. ನೀನು ಬಾಯಿ ಬಿಟ್ರೆ ಕಾಗದದ ಪುರಾಣನೇ ಶುರು ಮಾಡ್ತೀಯ" ಎಂದು ಕ್ಯಾಪ್ಟನ್ ಹತ್ತು ಸಲ ಎಚ್ಚರಿಸಿದ್ದರು. ಮನೆಯಲ್ಲಿ ನನ್ನ ಹೆಂಡತಿ ಊಟದ ಮೇಜಿನ ಆಚೆ ಕೂತು, ನನ್ನದೇ ಕನ್ನಡಕ ಮೂಗಿಗೇರಿಸಿ, ಆ ದೇಶದ ಅಧಿಕಾರಿಯಾದಳು.

"ಯಾಕ್ರೀ ಬಂದ್ರಿ ನಮ್ಮ ದೇಶಕ್ಕೆ?"

"ಅಕ್ಕನ ಹತ್ರ ಬೈಸ್ಕೊಳ್ಳೋಕೆ."

"ಹಿಂಗಂದ್ರೆ ಅದೇ ವಿಮಾನದಲ್ಲಿ ವಾಪಸ್ ಕಳಿಸ್ತಾರೆ ಅಷ್ಟೆ. ಇನ್ನೊಂದ್ಸಲ ಹೇಳಿ."

ಸೂಟ್‌ಕೇಸನ್ನು ಅಂಗಡಿಯ ಕಾಗದದ ತಕ್ಕಡಿಯಲ್ಲಿ ನಾಲ್ಕು ಸಲ ತೂಗಿದೆವು. ಅಕ್ಕಪಕ್ಕದ ಮುದ್ರಣಾಲಯದ ಗೆಳೆಯರು ಸಣ್ಣ ಬೀಳ್ಕೊಡುಗೆ ಇಟ್ಟು, ಒಂದು ಕೈಗಡಿಯಾರ ಕೊಟ್ಟು, ಅದರಲ್ಲಿ ಅಕ್ಕನ ಊರಿನ ಸಮಯವನ್ನೇ ಇಟ್ಟುಕೊಟ್ಟರು. ನನ್ನ ಕೈಗೆ ಅವಳ ಗಂಟೆ ಕಟ್ಟಿಕೊಂಡಂತಾಯಿತು. ಅಂದಿನಿಂದ ಅದನ್ನು ಬಿಚ್ಚಿಲ್ಲ.

ಈಗ ನನ್ನ ಅಪರಾಧದ ವಿಷಯ. ಪಾಸ್‌ಪೋರ್ಟ್ ಬಂದಾಗಿನಿಂದ ದಿನಕ್ಕೆ ಹತ್ತು ಸಲ ತೆರೆದು ನೋಡುತ್ತಿದ್ದೆ. ನಾಲ್ಕನೆಯ ದಿನ ನಡುಹಾಳೆಯ ಹತ್ತಿರ ಚಟ್ಟೆಂದು ಸದ್ದಾಯಿತು. ದಾರ ಬಿಟ್ಟಿತ್ತು. ಗಂಟು ಸರಿಯಾಗಿ ಕೂತಿರಲಿಲ್ಲ. ಬೇರೆಯವರಾಗಿದ್ದರೆ ನೋಡುತ್ತಲೂ ಇರಲಿಲ್ಲ. ನನಗೆ ಹಾಗೇ ಬಿಡಲಾಗಲಿಲ್ಲ. ಅಷ್ಟು ದೂರ ಹೋಗುವ ಪುಸ್ತಕ, ಎಷ್ಟೆಷ್ಟೋ ಕೈಗಳು ಬಗ್ಗಿಸಿ ನೋಡುವ ಪುಸ್ತಕ, ಅದರ ಹಾಳೆ ಪರದೇಶದಲ್ಲಿ ಕಳಚಿ ಬಿದ್ದರೆ ನಮ್ಮ ಸರ್ಕಾರದ ಮರ್ಯಾದೆ ಏನಾಗಬೇಕು? ನಗಬೇಡಿ, ನಿಜವಾಗಿ ಹಾಗೇ ಯೋಚಿಸಿದೆ. ಸೂಜಿ ಕೈಗೆತ್ತಿಕೊಂಡಾಗ ಹೆಂಡತಿ, "ಸರ್ಕಾರದ್ದು ಕಣ್ರೀ, ಮುಟ್ಬೇಡಿ" ಎಂದಳು. "ಸರ್ಕಾರದ ಪುಸ್ತಕ ಎಷ್ಟು ಹೊಲ್ದಿಲ್ಲ ನಾನು?" ಎಂದೆ. ಇಪ್ಪತ್ತು ವರ್ಷ ನಿಮ್ಮ ರಿಜಿಸ್ಟರು ಹೊಲಿದ ಕೈಗೆ ಇದೂ ಅಂಥದೇ ಒಂದಾಗಿ ಕಂಡಿತು. ಹಳೆಯ ತೂತುಗಳಲ್ಲೇ ಹೊಲಿದೆ, ಹೊಸ ತೂತು ಒಂದೂ ಮಾಡಲಿಲ್ಲ. ಬೆನ್ನಿಗೆ ತೆಳ್ಳಗೆ ಅಂಟು ಎಳೆದು ಭಾರದಡಿ ಇಟ್ಟೆ. ಕಾಲು ಗಂಟೆಯ ಕೆಲಸ.

ವೀಸಾ ಕೌಂಟರಿನ ಹುಡುಗಿ ಅದನ್ನು ಬಗ್ಗಿಸಿ ನೋಡಿ, "ಇದು ಬೇರೆ ಥರ ತೆರ್ಕೊಳ್ತಾ ಇದೆಯಲ್ಲ?" ಎಂದಳು. ಕ್ಯಾಪ್ಟನ್ ಹೇಳಿದ್ದೆಲ್ಲ ನೀರುಪಾಲಾಯಿತು. "ಚೆನ್ನಾಗಿ ತೆರ್ಕೊಳ್ತಾ ಇದೆ ಅಲ್ವಾ ಮೇಡಂ? ನಾನೇ ಹೊಲ್ದಿದ್ದು!" ಎಂದು ಹಲ್ಲು ಬಿಟ್ಟೆ. ಮೂವತ್ತೊಂದು ವರ್ಷದಲ್ಲಿ ನನ್ನ ಹೊಲಿಗೆಯನ್ನು ಗುರುತಿಸಿದ ಮೊದಲ ವ್ಯಕ್ತಿ ಅವಳು. ಅವಳು ಪಾಸ್‌ಪೋರ್ಟ್ ಮಡಚಿ ನನ್ನ ಕಡೆ ಸರಿಸಿ, ಕೊಟ್ಟ ಕಚೇರಿಯಿಂದ ಇದು ಅಸಲಿ ಎಂದು ಬರೆಸಿಕೊಂಡು ಬನ್ನಿ ಎಂದಳು.

ಹೀಗೆ ನಿಮ್ಮ ಮೂರನೇ ಕಿಟಕಿಗೆ ಬಂದೆ. ಅಲ್ಲಿನ ಅಧಿಕಾರಿ ಪಾಸ್‌ಪೋರ್ಟನ್ನು ಒಳಗೆಳೆದುಕೊಂಡು ಒಂದು ಫಾರಂ ಕೊಟ್ಟರು. ಅದರಲ್ಲಿ ಮೂರೇ ಚೌಕ: ಕಳೆದಿದೆ, ಹಾಳಾಗಿದೆ, ಅವಧಿ ಮುಗಿದಿದೆ.

"ಸರ್, ಇದು ಹಾಳಾಗಿಲ್ಲ. ಸರಿ ಮಾಡಿರೋದು."

"ಸರಿ ಮಾಡಿದ್ದಕ್ಕೆ ಚೌಕ ಇಲ್ಲ ರೀ."

"ಹಾಗಾದ್ರೆ ಏನ್ಮಾಡ್ಲಿ?"

"ನೀರಿಗೆ ಬಿದ್ದಿದ್ರೆ ಸುಲಭ ಆಗ್ತಿತ್ತು. ಇಲಿ ಕಡ್ದಿದ್ರೂ ಆಗ್ತಿತ್ತು. ನೀವು ಹೊಲಿದು ಎಲ್ಲಾ ಕೆಡಿಸಿದ್ರಿ."

ಅವರೇ ಇನ್ನೊಂದು ದಾರಿ ತೋರಿಸಿದರು. ದಾಖಲೆಯನ್ನು ದುರುದ್ದೇಶದಿಂದ ಬಿಚ್ಚಿದೆ ಎಂದು ನಾನು ಬರೆದುಕೊಟ್ಟರೆ ಕಡತ ಮುಂದೆ ಹೋಗುತ್ತದೆ, ಪೊಲೀಸರ ಕಡೆಗೆ. ದುರುದ್ದೇಶ ಇರಲಿಲ್ಲ ಎಂದು ಬರೆದರೆ ಕಡತ ಇದ್ದಲ್ಲೇ ಇರುತ್ತದೆ. ಬಾಗಿಲು ತೆರೆದರೆ ಜೈಲು, ಮುಚ್ಚಿದರೆ ನಿಮ್ಮ ಕಚೇರಿಯಲ್ಲಿ ಕಾಯುವವರ ಬೆಂಚು. ನಾನು ಬೆಂಚನ್ನೇ ಆರಿಸಿಕೊಂಡೆ, ನಿಜವನ್ನೇ ಬರೆದುಕೊಟ್ಟೆ. ಎಂಟು ತಿಂಗಳಿಂದ 'ಪರಿಶೀಲನೆಯಲ್ಲಿದೆ' ಎಂಬ ಒಂದೇ ಮಾತು ಕೇಳುತ್ತಿದ್ದೇನೆ. ಪರಿಶೀಲಿಸುವುದೆಂದರೆ ನೋಡುವುದು ತಾನೇ? ಆ ಹೊಲಿಗೆಯನ್ನು ಯಾರಾದರೂ ಒಮ್ಮೆ ನೋಡಿದ್ದೀರಾ? ಪ್ರತಿ ಹಾಳೆಯಲ್ಲೂ ತೂತು ಕೊರೆದು ಬರೆದಿರುವ ನಂಬರು ಒಂದರ ಮೇಲೊಂದು ಸರಿಯಾಗಿ ಕೂರುತ್ತದೆ. ಒಂದು ಹಾಳೆ ಬದಲಾಗಿದ್ದರೂ ಬೆಳಕಿಗೆ ಹಿಡಿದ ಕೂಡಲೇ ಗೊತ್ತಾಗುತ್ತಿತ್ತು. ಬೆಳಕಿಗೆ ಹಿಡಿಯಲು ಎಂಟು ತಿಂಗಳು ಬೇಕೆ? ನಿಮ್ಮ ಕಚೇರಿಯಲ್ಲಿ ಕಿಟಕಿಗಳಿಗೇನೂ ಬರವಿಲ್ಲವಲ್ಲ!

ಬೀಳ್ಕೊಡುಗೆ ಆದ ಮೇಲೂ ಹೋಗದೆ ಉಳಿದವನ ಪಾಡು ಯಾರಿಗೂ ಬೇಡ. ಸೂಟ್‌ಕೇಸು ಮಂಚದ ಪಕ್ಕ ನಿಂತಿದೆ. ನಮ್ಮ ಕೋಣೆಯಲ್ಲಿ ಅದನ್ನು ದಾಟದೆ ಕಿಟಕಿಗೆ ಹೋಗಲಾಗುವುದಿಲ್ಲ. ಹೊಸ ಶೂಗಳು ಡಬ್ಬಿಯಲ್ಲೇ ಗಟ್ಟಿಯಾಗಿವೆ. ಬೀದಿಯಲ್ಲಿ ಕಂಡವರೆಲ್ಲ, "ಏನ್ರೀ, ಇನ್ನೂ ಹೋಗಿಲ್ವಾ?" ಎನ್ನುತ್ತಾರೆ. ಕೆಲವರು, "ಯಾವಾಗ ಬಂದ್ರಿ?" ಎನ್ನುತ್ತಾರೆ, ಅದು ಇನ್ನೂ ಕಷ್ಟ. ನಾನೀಗ ಹಿಂದಿನ ಓಣಿಯಿಂದಲೇ ಅಂಗಡಿಗೆ ಹೋಗುತ್ತೇನೆ. ನನಗೆ ಉಸಿರು ಕಟ್ಟುತ್ತದೆ, ಮಾನ್ಯರೇ. ಕಸುಬು ಕಲಿತ ಕೈಯೇ ನನ್ನನ್ನು ಕಟ್ಟಿಹಾಕಿತಲ್ಲ ಎಂದು ಸಿಟ್ಟೂ ಬರುತ್ತದೆ. ಅಕ್ಕ ನನಗೋಸ್ಕರ ಒಂದು ಸಲ ಆಪರೇಷನ್ ಮುಂದೂಡಿಸಿದಳು. ಡಾಕ್ಟರು ಈಗ ಗದರಿದ್ದಾರೆ. ಮುಂದಿನ ತಿಂಗಳ ಹತ್ತೊಂಬತ್ತು, ಅದರಾಚೆ ಒಂದು ದಿನವೂ ಇಲ್ಲ.

ಕಳೆದ ಸೋಮವಾರ ಏನಾಯಿತೆಂದು ತಮಗೆ ಗೊತ್ತಿರಲಾರದು. ನಿಮ್ಮ ಜವಾನರು ಪ್ರತಿ ವರ್ಷದಂತೆ ವಿಲೇವಾರಿಯಾದ ಕಡತಗಳ ದೊಡ್ಡ ಕಟ್ಟನ್ನು ತಂದು ನನ್ನ ಮೇಜಿನ ಮೇಲಿಟ್ಟು, ಶುಕ್ರವಾರದೊಳಗೆ ಬೈಂಡ್ ಆಗಬೇಕೆಂದು ಹೇಳಿ ಹೋದರು. ಹೊಲಿಯುವ ಮುಂಚೆ ಹಾಳೆಗಳ ಕ್ರಮ ನೋಡುವುದು ನನ್ನ ವಾಡಿಕೆ. ಮೇಲಿನಿಂದ ಹದಿನೇಳನೆಯ ಕಡತ ನನ್ನದು. ಅದರಲ್ಲಿ ನನ್ನ ಏಳೂ ಪತ್ರಗಳಿದ್ದವು, ಒಂದನ್ನೂ ಬಿಚ್ಚಿರಲಿಲ್ಲ. ಮೇಲೆ ಕೆಂಪು ಶಾಯಿಯಲ್ಲಿ, 'ಅರ್ಜಿದಾರರು ಸ್ಪಂದಿಸದ ಕಾರಣ ಮುಕ್ತಾಯ' ಎಂದು ಬರೆದಿತ್ತು. ಕಡತದ ಮೂಲೆಗೆ ದಾರ ಕಟ್ಟಿ ನೇತು ಬಿಟ್ಟಿದ್ದು ನನ್ನ ಪಾಸ್‌ಪೋರ್ಟ್. ರದ್ದು ಎಂಬ ಮುದ್ರೆ ಎಲ್ಲೂ ಇಲ್ಲ.

"ಬಿಚ್ಕೊಳ್ರೀ. ಯಾರಿಗೆ ಗೊತ್ತಾಗುತ್ತೆ?" ಎಂದಳು ಹೆಂಡತಿ. ಅವಳು ಅಳುತ್ತಿದ್ದಳು.

ಬಿಚ್ಚಿದರೆ ಈ ಸಲ ನಿಜವಾಗಿಯೂ ಕಳ್ಳನಾಗುತ್ತೇನೆ. ಬಿಚ್ಚಲಿಲ್ಲ. ಮೂರನೇ ಕಿಟಕಿಗೆ ಓಡಿದೆ. "ಕಡತ ಬೈಂಡಿಂಗಿಗೆ ಹೋಗಿದೆ, ಬರ್ಲಿ ನೋಡೋಣ" ಎಂದರು. ಬೈಂಡರ್ ನಾನೇ ಎಂದೆ. "ಹಾಗಾದ್ರೆ ಬೇಗ ಬೈಂಡ್ ಮಾಡ್ಕೊಡಿ." ಬೈಂಡ್ ಆದ ಸಂಪುಟದಿಂದ ಏನನ್ನೂ ತೆಗೆಯುವಂತಿಲ್ಲ ಎಂಬ ನಿಮ್ಮದೇ ನಿಯಮ ನನಗೆ ಇಪ್ಪತ್ತು ವರ್ಷದಿಂದ ಬಾಯಿಪಾಠ. ನನ್ನ ದಾರಿಯನ್ನು ನನ್ನ ಕೈಯಿಂದಲೇ ಹೊಲಿದು ಮುಚ್ಚಿಸುವ ಈ ಏರ್ಪಾಡು ಯಾರ ತಲೆಯಿಂದ ಬಂತೋ, ಅವರಿಗೆ ನನ್ನ ನಮಸ್ಕಾರ.

ಆದ್ದರಿಂದ ಹೇಳಿಬಿಡುತ್ತೇನೆ. ಆ ಕಟ್ಟು ಹಾಗೇ ಇದೆ. ದಾರ ಪೋಣಿಸಿದ ಸೂಜಿ ಪಕ್ಕದಲ್ಲಿದೆ. ಶುಕ್ರವಾರ ಕಳೆದುಹೋಯಿತು, ನಾನು ಹೊಲಿದಿಲ್ಲ. ಸಡಿಲವಾದದ್ದನ್ನು ಕಂಡೂ ಸಡಿಲವಾಗಿ ಬಿಟ್ಟದ್ದು ಜೀವನದಲ್ಲಿ ಇದೇ ಮೊದಲು. ತಾವೇ ಬನ್ನಿ, ಇಲ್ಲವೇ ಅಧಿಕಾರವಿರುವ ಯಾರನ್ನಾದರೂ ಕಳಿಸಿ. ಅಂಗಡಿ ನಿಮ್ಮ ಕಚೇರಿಯ ಹಿಂದಿನ ಬೀದಿಯಲ್ಲೇ ಇದೆ. ಹದಿನೇಳನೆಯ ಕಡತ ತೆಗೆದು, ಪಾಸ್‌ಪೋರ್ಟನ್ನು ಬೆಳಕಿಗೆ ಹಿಡಿದು ನೋಡಿ, ಅಸಲಿ ಎಂದು ಒಂದು ಸಾಲು ಬರೆದು, ನಿಮ್ಮ ಕೈಯಿಂದಲೇ ನನ್ನ ಕೈಗೆ ಕೊಡಿ. ನನ್ನ ಹೊಲಿಗೆ ಬೇಡವೆಂದರೆ ಎದುರಿಗೇ ಬಿಚ್ಚಿಕೊಡುತ್ತೇನೆ, ನಿಮ್ಮವರೇ ಬೇಕಾದಷ್ಟು ಸಡಿಲವಾಗಿ ಹೊಲಿಯಲಿ. ಅಲ್ಲಿಯವರೆಗೆ ನಾನದನ್ನು ಮುಟ್ಟುವುದಿಲ್ಲ.

ಇದನ್ನು ಬರೆದು ಮುಗಿಸುವಾಗ ನನ್ನ ಕೈಗಡಿಯಾರದಲ್ಲಿ ಬೆಳಿಗ್ಗೆ ಏಳು. ಅಕ್ಕ ಏಳುವ ಹೊತ್ತು. ನಿನ್ನೆ ಭಾವ ಫೋನಿನಲ್ಲಿ ಒಂದು ಮಾತು ಹೇಳಿದರು. ದಿನವೂ ಎದ್ದ ಕೂಡಲೇ, ಧ್ವನಿ ಇನ್ನೂ ಇದೆಯೋ ಇಲ್ಲವೋ ನೋಡಲು ಅವಳು ಒಂದು ಸಲ ನನ್ನ ಹೆಸರು ಹಿಡಿದು ಕೂಗುತ್ತಾಳಂತೆ.

ನಾನು ಅಲ್ಲಿ ನಿಂತು ಓಗೊಡಬೇಕು.

ಇಂತಿ,
ಏಳು ಸಲ ಬರೆದೂ 'ಸ್ಪಂದಿಸದ ಅರ್ಜಿದಾರ',
ನಿಮ್ಮ ಕಡತಗಳ ಬೈಂಡರ್