ಹವಳದ ನೀರಿಗೆ ಟೈಲರನ ಅಳತೆ

ಅಂಗಡಿಯಿಂದ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ
ಗುರುವಾರ, ಹದಿನಾರನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಮೀನಮ್ಮಾ,

ಹೇಗಿದ್ದೀಯ? ನೆಗಡಿ ಬಿಟ್ಟಿತೇ? ನೀನು ಕೆಲಸಕ್ಕೆ ಸೇರಿದ ಆ ಹೊಸ ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ಎ.ಸಿ. ಅತಿಯಾಯಿತು ಎಂದಿದ್ದೆ. ನಾನು ಹೊಲಿದುಕೊಟ್ಟ ತುಂಬುತೋಳಿನ ಅಂಗಿಯನ್ನು ಪೆಟ್ಟಿಗೆಯ ತಳದಲ್ಲೇ ಇಟ್ಟಿರುತ್ತೀಯ, ತೆಗೆದು ಹಾಕಿಕೋ. ನಾನು ಚೆನ್ನಾಗಿದ್ದೇನೆ. ಅಮ್ಮನ ಮೊಣಕಾಲು ಎಂದಿನ ಹಾಗೆ, ಬಾಯಿ ಎಂದಿಗಿಂತ ಚುರುಕು. ಫೋನಿನಲ್ಲೇ ಹೇಳಬಹುದಿತ್ತಲ್ಲ, ಪತ್ರ ಯಾಕೆ ಎನ್ನಬೇಡ. ಫೋನಿನಲ್ಲಿ ನೀನು ಮೊದಲು ಕೇಳುವುದು ನಿನ್ನ ಹವಳದ ಟ್ಯಾಂಕಿನ ಉಪ್ಪು, ಆಮೇಲೆ ಟ್ಯಾಂಕಿನ ಬಿಸಿ, ಆಮೇಲೆ ಅಮ್ಮ. ನನ್ನ ಸರದಿ ಬರುವಷ್ಟರಲ್ಲಿ ನಿನ್ನನ್ನು ಯಾರೋ ಒಳಗೆ ಕರೆಯುತ್ತಾರೆ. ಪತ್ರದಲ್ಲಾದರೆ ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಆರು ತಿಂಗಳ ಕೆಲಸ ಎಂದು ಹೋದವಳು ನೀನು. ಈ ತಿಂಗಳಿಗೆ ಆರೂ ಮುಗಿಯುತ್ತದೆ, ಯಾವಾಗ ಬರುತ್ತೀ ಎಂದು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತೀಯ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿನ್ನ ಹವಳಗಳ ಸುದ್ದಿ, ಇಲ್ಲದಿದ್ದರೆ ಉಳಿದದ್ದನ್ನು ನೀನು ಓದುವುದೇ ಇಲ್ಲ. ಒಂದು ಅವಾಂತರ ಆಯಿತು. ಎಲ್ಲ ಬದುಕಿವೆ, ಉಸಿರು ಬಿಡು.

ಹೋಗುವಾಗ ನೀನು ಕೆಲಸ ಹಂಚಿದ ರೀತಿಯನ್ನು ನನ್ನ ಮನಸ್ಸು ಇವತ್ತಿಗೂ ಒಪ್ಪಿಲ್ಲ. ಮೀನಿಗೆ ಮೇವು ಹಾಕುವುದು, ಗಾಜು ಒರೆಸುವುದು, ಆರಿದಷ್ಟು ನೀರು ತುಂಬುವುದು, ದಿನಾ ಬೆಳಿಗ್ಗೆ ಕ್ಷಾರದ ಪುಡಿ ಕರಗಿಸಿ ಬಿಡುವುದು ಇವೆಲ್ಲ ನನಗೆ. ನೀರನ್ನು ಪರೀಕ್ಷೆ ಮಾಡುವ ಗೌರವದ ಕೆಲಸ ಕೆಳಗಿನ ಮನೆಯ ಹಲ್ಲಿನ ಡಾಕ್ಟರಿಗೆ. ಅವರ ಮನೆಯಲ್ಲೂ ಅಂಥದೇ ಹವಳದ ಟ್ಯಾಂಕ್ ಇದೆ, ಅವರಿಗೆ ತಿಳಿಯುತ್ತದೆ, ಒಪ್ಪಿದೆ. ಪ್ರತಿ ಭಾನುವಾರ ಬರುತ್ತಾರೆ, ಕೈ ತೊಳೆಯುತ್ತಾರೆ, ಪುಟ್ಟ ಸೀಸೆಗೆ ನೀರು ತೆಗೆದು ಔಷಧಿಯ ಹನಿ ಹಾಕುತ್ತಾರೆ, ನೀಲಿ ಹೋಗಿ ಹಳದಿಯಾಗುವವರೆಗೆ ಎಣಿಸಿ ನಿನಗೆ ಫೋನ್ ಮಾಡುತ್ತಾರೆ. ಆ ಕಡೆಯಿಂದ ನೀನು ನಗುವುದು ನನಗೆ ಅಡುಗೆಮನೆಯವರೆಗೆ ಕೇಳುತ್ತದೆ. ಎಕ್ಸ್-ರೇ, ಹಲ್ಲು, ಹವಳ, ಮಾತಾಡಲು ಎಷ್ಟು ವಿಷಯ ನಿಮಗೆ! ನಾನು ಕಾಲರಿನ ಬಗ್ಗೆ ಎರಡು ಮಾತಾಡಿದರೆ ನಿನಗೆ ಆಕಳಿಕೆ ಬರುತ್ತದೆ. ಹೊಟ್ಟೆಕಿಚ್ಚು ಎನ್ನುತ್ತೀಯಾ? ಹೌದು, ಹೊಟ್ಟೆಕಿಚ್ಚೇ. ಆ ಮನುಷ್ಯನ ಪ್ಯಾಂಟು ಹೊಲಿಯುವವನು ನಾನು. ಅಳತೆ ಕೊಡುವಾಗ ಹೊಟ್ಟೆಯನ್ನು ಒಳಗೆಳೆದುಕೊಂಡು ನಿಲ್ಲುತ್ತಾರೆ. ಅವರು ಉಸಿರು ಬಿಡುವವರೆಗೆ ನಾನು ಟೇಪು ಹಿಡಿದು ಸುಮ್ಮನೆ ಕಾಯುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ, ನಿನಗೊಬ್ಬಳಿಗೇ ಹೇಳುತ್ತಿದ್ದೇನೆ.

ಎರಡು ಭಾನುವಾರದ ಹಿಂದೆ ಅವರು ಹನಿ ಎಣಿಸಿ, ನೀನು ನಾಲಿಗೆ ತಿರುಗಿಸಿ 'ಆಲ್ಕಲಿನಿಟಿ' ಎನ್ನುತ್ತೀಯಲ್ಲ, ಆ ಕ್ಷಾರ ಸ್ವಲ್ಪ ಇಳಿದಿದೆ ಎಂದರು. ಹವಳ ದೊಡ್ಡದಾಗಿದೆ, ಮೈ ಕಟ್ಟಿಕೊಳ್ಳಲು ಹೆಚ್ಚು ಎಳೆದುಕೊಳ್ಳುತ್ತಿದೆ, 'ಪುಡಿ ಒಂದು ಚೂರು ಜಾಸ್ತಿ ಹಾಕಿ' ಎಂದರು. ನೀನು ಫೋನಿನಲ್ಲಿ ಅವರಿಗೆ 'ನೀವಿದ್ದೀರಲ್ಲ, ನನಗೆ ಯೋಚನೆನೇ ಇಲ್ಲ' ಎಂದದ್ದೂ ಕಿವಿಗೆ ಬಿತ್ತು. ದಿನಾ ಪುಡಿ ಹಾಕುವವನು ನಾನು, ಹೊಗಳಿಕೆ ಅವರಿಗೆ! ಮುಂದಿನ ಭಾನುವಾರ ಲೆಕ್ಕ ಎಷ್ಟು ಚೆನ್ನಾಗಿ ಬರಬೇಕೆಂದರೆ, ನೀನು ನನ್ನನ್ನೇ ಫೋನಿಗೆ ಕರೆದು ಶಭಾಷ್ ಎನ್ನಬೇಕು ಎಂದುಕೊಂಡೆ. ಅದಕ್ಕೆ ಸರಿಯಾಗಿ ಟೈಲರ್ ಬುದ್ಧಿ ಸೇರಿಕೊಂಡಿತು. ನಾವು ಯಾವ ಬಟ್ಟೆಯನ್ನೂ ಅಳತೆಗೆ ಸರಿಯಾಗಿ ಕತ್ತರಿಸುವುದಿಲ್ಲ. ನಾಳೆ ಮೈ ಬಂದರೆ ಬಿಚ್ಚಿ ಅಗಲ ಮಾಡಬಹುದೆಂದು ಒಂದಿಂಚು ಒಳಗೆ ಬಿಡುತ್ತೇವೆ. ನಿನ್ನ ಹವಳಕ್ಕೂ ಹಾಗೆಯೇ ಬಿಟ್ಟೆ. ನೀನು ಅಂಚಿಗೆ ಸರಿಯಾಗಿ ಸವರಿ ಹಾಕುತ್ತಿದ್ದ ಚಮಚವನ್ನು ನಾನು ಗೋಪುರ ಕಟ್ಟಿ ಹಾಕಿದೆ, ಅದರ ಮೇಲೆ ಇನ್ನೂ ಅರ್ಧ. ಬಟ್ಟೆಯಲ್ಲಾದರೆ ಹೆಚ್ಚಾದದ್ದು ಮಡಿಕೆಯೊಳಗೆ ತೆಪ್ಪಗೆ ಕೂರುತ್ತದೆ. ನೀರಿನಲ್ಲಿ ಕೂರುವುದಿಲ್ಲ ಎನ್ನುವುದು ನನಗೆ ಹೊಳೆಯಲಿಲ್ಲ.

ಶನಿವಾರ ಬೆಳಿಗ್ಗೆ ಟ್ಯಾಂಕಿನ ಲೈಟು ಹಾಕಿದರೆ ಮೆತ್ತನೆಯ ಹವಳಗಳೆಲ್ಲ ಮುಷ್ಟಿ ಬಿಗಿದುಕೊಂಡಿದ್ದವು. ನೀನು ಉಗುರಿನಷ್ಟು ತುಂಡು ತಂದು ಬೆಳೆಸಿದ ಆ ನೇರಳೆ ಬಣ್ಣದ ಕೊಂಬೆಹವಳದ ತುದಿಗಳು ಸುಟ್ಟ ಹಾಗೆ ಬಿಳಿಚಿಕೊಂಡಿದ್ದವು. ಯಾರ ಮನೆಗೆ ಓಡಿದೆ ಎಂದು ಬೇರೆ ಹೇಳಬೇಕಿಲ್ಲ. ಡಾಕ್ಟರು ಒಂದು ಕೆನ್ನೆಗೆ ಸೋಪು ಮೆತ್ತಿಕೊಂಡೇ ಮೇಲೆ ಬಂದರು. ಎಂಟು ಹನಿಗೆ ಹಳದಿಯಾಗಬೇಕಾದ ನೀರು ಹನ್ನೆರಡಾದರೂ ನೀಲಿಯಾಗಿಯೇ ಇತ್ತು. ತಮ್ಮ ಮನೆಯ ಔಷಧಿ ತಂದು ಮತ್ತೆ ನೋಡಿದರು, ಅದೂ ಅದನ್ನೇ ಹೇಳಿತು. ಪುಡಿ ಎಷ್ಟು ಹಾಕಿದಿರಿ ಎಂದು ಅವರು ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನೇ ಚಮಚವನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಅರ್ಧ ಟ್ಯಾಂಕು ಖಾಲಿ ಮಾಡಿ ಹೊಸ ನೀರು ಸುರಿದುಬಿಡೋಣ ಎಂದು ಬಕೆಟ್ ಎತ್ತಿದಾಗ ಅವರು ಕೈ ಹಿಡಿದರು. 'ಏರಿದ್ದು ಒಂದು ಪೆಟ್ಟು, ಎಳೆದು ಇಳಿಸಿದ್ರೆ ಇನ್ನೊಂದು ಪೆಟ್ಟು. ಪುಡಿ ನಿಲ್ಲಿಸಿ. ನಿಧಾನಕ್ಕೆ ಇಳೀಲಿ' ಎಂದರು. ಅಂದಿನಿಂದ ದಿನಾ ಬೆಳಿಗ್ಗೆ ಬರುತ್ತಿದ್ದಾರೆ. ಉಪ್ಪು, ಬಿಸಿ ಎರಡನ್ನೂ ಟ್ಯಾಂಕಿಗೆ ಹೊಂದಿಸಿ ಒಂದೊಂದೇ ಬಕೆಟ್ ಬದಲಾಯಿಸುತ್ತೇವೆ. ಉಳಿದದ್ದನ್ನು ಹವಳಗಳೇ ತಿಂದು ಇಳಿಸುತ್ತಿವೆ. ಭಾನುವಾರ ನಿನಗೆ ಏನೂ ಹೇಳಬೇಡಿ, ನಾನೇ ಬರೆದು ತಿಳಿಸುತ್ತೇನೆ ಎಂದು ಅವರಿಗೆ ಕೈಮುಗಿದೆ. ನಿನ್ನೆ ಮೆತ್ತನೆಯವು ಅರಳಿದವು. ಕೊಂಬೆಯ ತುದಿಗೆ ಬಣ್ಣ ಬರುತ್ತದೋ ಇಲ್ಲವೋ ಗೊತ್ತಿಲ್ಲ, ಬುಡ ಮಾತ್ರ ಗಟ್ಟಿಯಾಗಿದೆ. ಅಮ್ಮ ಏನಂದಳು ಗೊತ್ತೇ? 'ಹೆಂಡ್ತಿ ಹೊರಟ ದಿನ ಎರಡೆರಡು ಸಲ ಬಡಿಸ್ಕೊಂಡು ಉಂಡೆ, ಕಲ್ಲುಗಿಡ ಬಾಡಿದ್ದಕ್ಕೆ ಊಟ ಬಿಟ್ಟೆಯಲ್ಲೋ!' ಅವಳಿಗೇನು ಗೊತ್ತು. ಅವತ್ತು ಬಾಯಿಗೆ ಏನಾದರೂ ಕೆಲಸ ಕೊಡದಿದ್ದರೆ ಎಲ್ಲರೆದುರು ಅತ್ತುಬಿಡುತ್ತಿದ್ದೆ.

ಈಗ ಆ ಇನ್ನೊಂದು ವಿಷಯ. ಮೊನ್ನೆ ನಾನು ಬಕೆಟ್ಟಿನಲ್ಲಿ ಉಪ್ಪು ಕಲಸುತ್ತಿದ್ದಾಗ ಡಾಕ್ಟರು ನನಗೆ ಸಮಾಧಾನ ಹೇಳಲು ಹೋಗಿ, 'ಹೆದರ್ಬೇಡಿ, ನಮ್ಮ ಮನೆಗೆ ಬರೋ ಹೊತ್ತಿಗೆ ಚೇತರಿಸ್ಕೊಂಡಿರುತ್ತೆ' ಎಂದರು. ನಿಮ್ಮ ಮನೆಗೆ ಯಾಕೆ ಎಂದೆ. ನನಗೆ ಗೊತ್ತಿಲ್ಲ ಎನ್ನುವುದು ಅವರಿಗೂ ಆಗಲೇ ಗೊತ್ತಾದದ್ದು, ಪಾಪ. ಆಸ್ಪತ್ರೆಯವರು ನಿನ್ನನ್ನು ಕಾಯಂ ಮಾಡಿ ಅಲ್ಲೇ ಉಳಿಸಿಕೊಳ್ಳುತ್ತಾರಂತೆ, ತಿಂಗಳ ಕೊನೆಗೆ ನೀನು ಉತ್ತರ ಕೊಡಬೇಕಂತೆ, ಉಳಿದರೆ ಹವಳಗಳನ್ನು ಸಾಕುತ್ತೀರಾ ಎಂದು ಅವರನ್ನು ಕೇಳಿದ್ದೀಯಂತೆ. 'ನೀವು ಅಂಗಡಿ ಬಿಟ್ಟು ಬರೋರಲ್ಲ ಅಂತ ಅವರು ಬೇಜಾರು ಮಾಡ್ಕೊಂಡ್ರು' ಎಂದೂ ಹೇಳಿದರು. ಅಲ್ಲ ಕಣೇ, ನನ್ನ ಹೆಂಡತಿ ಇನ್ನು ಮುಂದೆ ಎಲ್ಲಿರುತ್ತಾಳೆ ಎನ್ನುವುದನ್ನು ನಾನು ಇನ್ನೊಬ್ಬರ ಬಾಯಿಂದ ಕೇಳಬೇಕೇ? ಮೈಯೆಲ್ಲ ಉರಿದುಹೋಯಿತು. ಅವರ ಮೇಲೆ ರೇಗೋಣ ಎಂದರೆ ಮೊಣಕೈವರೆಗೆ ನಿನ್ನ ಟ್ಯಾಂಕಿನಲ್ಲಿ ಕೈ ಅದ್ದಿಕೊಂಡು, ನಾನು ಕೆಡಿಸಿದ್ದನ್ನು ಸರಿಮಾಡುತ್ತಾ ನಿಂತಿದ್ದಾರೆ. ಅವರು ಒಳ್ಳೆಯವರು ಎನ್ನುವುದೇ ನನ್ನ ಕಷ್ಟ. ಕೆಟ್ಟವರಾಗಿದ್ದರೆ ನನ್ನ ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆ ಇರುತ್ತಿತ್ತು. ಮುಂದಿನ ಪ್ಯಾಂಟಿಗೆ ಅವರು ಉಸಿರು ಬಿಡುವ ಮೊದಲೇ ಅಳತೆ ತೆಗೆದುಬಿಡುತ್ತೇನೆ, ಅಷ್ಟೇ ನನ್ನ ಕೈಲಾಗುವ ಸೇಡು.

ಹೊತ್ತಿಗೆ ಸರಿಯಾಗಿ ಉಣ್ಣು. ರಾತ್ರಿ ಪಾಳಿ ಇದ್ದರೆ ಮಧ್ಯಾಹ್ನ ಮಲಗು. ಅಮ್ಮ ಆಶೀರ್ವಾದ ಹೇಳಿದ್ದಾಳೆ, ಜೊತೆಗೆ ತಲೆಗೆ ಎಣ್ಣೆ ಹಚ್ಚಿಕೋ ಎಂದೂ ಹೇಳಿದ್ದಾಳೆ. ಡಾಕ್ಟರ ನಮಸ್ಕಾರವನ್ನು ನಾನು ತಿಳಿಸುವುದಿಲ್ಲ, ಅವರ ಹತ್ತಿರ ಫೋನ್ ಇದೆ.

ನಿನ್ನ
ಟೈಲರ್

ತಾ.ಕ.: ಗಿರಾಕಿ ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಹೊಲಿಗೆ ಮಿಷನ್ನಿಗೆ ಇರುವುದು ಕಾಲು, ಬೇರಲ್ಲ. ಅಂಗಿ ಹರಿಯದ ಊರು ಎಲ್ಲೂ ಇಲ್ಲ. ಅಮ್ಮನನ್ನೂ ಕೇಳಿದೆ, ಅವಳು ಅಲ್ಲಿ ಮೆಟ್ಟಿಲು ಕಡಿಮೆ ಇರುವ ಮನೆ ನೋಡಲಿ ಎಂದಳು. ಹವಳ ಸಾಕುತ್ತೀರಾ ಎಂದು ನೀನು ಡಾಕ್ಟರನ್ನು ಕೇಳಿದೆ. ಬರುತ್ತೀಯಾ ಎಂದು ನನ್ನನ್ನು ಕೇಳಲಿಲ್ಲ. ಕೇಳು.