ಮಾಳಿಗೆಯ ಪಾವಟಿಗೆ

ವಿಜಯಪುರ
ತಾ. ೮ ಜನವರಿ ೨೦೨೫

ಪ್ರೀತಿಯ ಅಣ್ಣಾ,

ನಿನ್ನ ಮೊಣಕಾಲು ನೋವು ಹೇಗಿದೆ? ಇಚಲಕರಂಜಿಯಲ್ಲಿ ದಿನವಿಡೀ ಮಗ್ಗದ ಮುಂದೆ ನಿಂತವನಿಗೆ ಅದು ಬಿಡುವುದಿಲ್ಲ, ಗೊತ್ತು. ಆದರೂ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೋ. ವೈನಿ ಆರಾಮ ಇದ್ದಾಳೆಯೇ? ಸಂಗು ಸಾಲಿಗೆ ಹೋಗುತ್ತಾನೋ, ಇಲ್ಲ ನಿನ್ನ ಹಾಗೆ ಹೊಟ್ಟೆನೋವಿನ ನೆಪ ಹೇಳುತ್ತಾನೋ? ನಾನು ಹೇಗೋ ಇದ್ದೇನೆ. ಅಕ್ಷರ ದೊಡ್ಡವಾಗಿವೆ, ಸಾಲು ಸೊಟ್ಟಗಿದೆ, ಬೈಯಬೇಡ. ಕಣ್ಣಿನ ಡಾಕ್ಟರು ಇನ್ನು ಹೊಲಿಗೆ ಬಿಡು ಎಂದಿದ್ದಾರೆ. ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯ ಪೀರಾಂಬಿಯನ್ನು ಕರೆಯುತ್ತೇನೆ. ಅವಳಾದರೂ ಎಷ್ಟಂತ ಬರುತ್ತಾಳೆ? ಅದಕ್ಕೇ ಅಮೋಘಿಯ ಮೇಲೆ ಜೀವನಾಂಶದ ಕೇಸು ಹಾಕಿದ್ದು. ನಿನಗೆ ಫೋನು ಮಾಡಿದರೆ ವೈನಿಯೇ ಎತ್ತುತ್ತಾಳೆ, ತನ್ನ ಅಣ್ಣನನ್ನು ಕೋರ್ಟಿಗೆ ಎಳೆದವಳ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತಾಳೆ. ಅವಳ ತಪ್ಪೇನಿಲ್ಲ ಬಿಡು.

ನಾವು ತಿಳಿದದ್ದು ಒಂದು, ಕಾನೂನು ಇರುವುದು ಇನ್ನೊಂದು. ಘೋಣಸಗಿಯ ಗುಡಿ ಕಟ್ಟೆಯ ಮೇಲೆ, ಹಿರಿಯರ ಮುಂದೆ, ನೀನೂ ನನ್ನ ಗಂಡ ಅಮೋಘಿಯೂ ವೀಳ್ಯದೆಲೆಯ ಒಂದೊಂದು ತುದಿ ಹಿಡಿದು ಹರಿದಿರಿ. ನಾನು ತಾಳಿ ಬಿಚ್ಚಿ ತಾಟಿನಲ್ಲಿಟ್ಟೆ. ನಮ್ಮವರಲ್ಲಿ ಎಲೆ ಹರಿದರೆ ಸಂಬಂಧ ಹರಿದ ಹಾಗೆ. "ನಮಗ ಅವರ ಮನಿದು ಒಂದ ಕಾಳ ಜ್ವಾಳಾ ಬ್ಯಾಡ್ರಿ" ಅಂದೆ ನೀನು, ಮೀಸೆ ಮೇಲೆ ಕೈ ಇಟ್ಟು. ಹುಚ್ಚಿ ನಾನು, ಅಂದು ಹೆಮ್ಮೆಪಟ್ಟಿದ್ದೆ. ನಮ್ಮದು ಸಾಟಿ ಮದುವೆಯಲ್ಲವೇ? ಒಂದೇ ಹಂದರದಲ್ಲಿ ನಾನು ಅವನ ಮನೆಗೆ, ಅವನ ತಂಗಿ ನನಗೆ ವೈನಿಯಾಗಿ ನಿನ್ನ ಮನೆಗೆ. ಒಬ್ಬಳು ತಿರುಗಿ ಬಂದರೆ ಇನ್ನೊಬ್ಬಳೂ ತಿರುಗಿ ಹೋಗಬೇಕು. ನಾವು ಏನೂ ಕೇಳದೆ ಎದ್ದುಬಂದದ್ದಕ್ಕೇ ಅವರು ವೈನಿಯನ್ನು ನಿನ್ನ ಹತ್ತಿರ ಬಿಟ್ಟರು.

ವಕೀಲೆ ಸುಮಯ್ಯಾ ಮೇಡಂ ಎಲ್ಲ ಬಿಡಿಸಿ ಹೇಳಿದರು. ಹಿರಿಯರು ಎಲೆ ಹರಿಸಿದರೆಂದು ಕೋರ್ಟು ಸುಮ್ಮನೆ ಒಪ್ಪುವುದಿಲ್ಲ. ಇದು ನಮ್ಮ ಕುಲದಲ್ಲಿ ಹಿಂದಿನಿಂದ ನಡೆದುಬಂದ ರೂಢಿ, ನನ್ನನ್ನೂ ಹಾಗೆಯೇ ಬಿಡಿಸಿದರು ಎಂದು ಕಣ್ಣಾರೆ ಕಂಡವರು ಸಾಕ್ಷಿ ಹೇಳಬೇಕು. ಆಗ ನಾನು ವಿಚ್ಛೇದನ ಆದವಳು, ಜೀವನಾಂಶ ಕೇಳಬಹುದು. ಬೇಡವೆಂದು ನೀನು ಅಂದ ಮಾತು ನನ್ನನ್ನು ಕಟ್ಟಿಹಾಕುವುದಿಲ್ಲವಂತೆ. ಸಾಕ್ಷಿ ಇಲ್ಲದಿದ್ದರೆ ನಾನಿನ್ನೂ ಅವನ ಹೆಂಡತಿ. ಹೆಂಡತಿಗೂ ಜೀವನಾಂಶ ಉಂಟು, ಆದರೆ ತಕ್ಕ ಕಾರಣವಿಲ್ಲದೆ ಗಂಡನನ್ನು ಬಿಟ್ಟು ಬಂದವಳಿಗೆ ಇಲ್ಲ. "ಕಾರಣ ತೋರಸಾಕ ಏನೈತೆವ್ವಾ?" ಎಂದು ಕೇಳಿದರು. ಕಾರಣ ನನ್ನ ಎಡಗೈಯಲ್ಲಿದೆ, ಇಂದಿಗೂ ಪೂರ್ತಿ ಮಡಚಲು ಬರುವುದಿಲ್ಲ. ಆದರೆ "ಮಾಳಿಗಿ ಪಾವಟಿಗಿಯಿಂದ ಬಿದ್ದಾಳ್ರಿ ಸಾಹೇಬ್ರ" ಎಂದು ದವಾಖಾನೆಯಲ್ಲಿ ನೀನೇ ಬರೆಸಿದೆ, ನಿನ್ನ ಸಂಸಾರ ಉಳಿಯಲಿ ಎಂದು. ನಾನೂ ಹೌದು, ಮೆಟ್ಟಿಲು ಜಾರಿತು ಎಂದು ತಲೆಯಾಡಿಸಿದೆ.

ಅಂದು ಕಟ್ಟೆಯ ಮೇಲಿದ್ದ ಹಿರಿಯರಲ್ಲಿ ಈಗ ಉಳಿದವನು ಶಂಕರೆಪ್ಪ ಮುತ್ಯಾ ಒಬ್ಬನೇ. ಅವನ ಕಾಲಿಗೂ ಬಿದ್ದು ಬಂದೆ. "ಊರ ಮಾತ ಕೋರ್ಟಿಗಿ ಒಯ್ಯಬಾರದ ಬೇ, ನನಗೇನೂ ನೆನಪಿಲ್ಲ" ಎಂದ. ಇನ್ನು ಉಳಿದವನು ನೀನು. ಹಿಂದೆ ಹಾಕಿದ ಪತ್ರಗಳಿಗೆ ನಿನ್ನಿಂದ ಉತ್ತರವಿಲ್ಲ. ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಆಮೇಲೆ ಯೋಚಿಸಿದೆ, ನೀನು ಬಂದು ಅಮೋಘಿಯ ವಿರುದ್ಧ ಬಾಯಿ ಬಿಟ್ಟರೆ ವೈನಿ ಅಂದೇ ಗಂಟು ಕಟ್ಟಬೇಕಾಗುತ್ತದೆ, ಸಂಗು ತಾಯಿಯನ್ನು ಬಿಟ್ಟಿರಬೇಕಾಗುತ್ತದೆ. ಬೇಡ ಬಿಡು ಯಣ್ಣಾ. ನಿನ್ನೆ ಕೋರ್ಟಿನಲ್ಲಿ ಅಮೋಘಿ ಕೈಮುಗಿದು, "ಎಲಿ ಯಾರ ಹರದಾರ್ರಿ? ನಾ ಎಂದೂ ಬಿಟ್ಟಿಲ್ಲರಿ. ಬಂದ್ರ ಇವತ್ತ ಕರಕೊಂಡ ಹೋಗ್ತೇನ್ರಿ" ಎಂದ. ಎಷ್ಟು ಮೆತ್ತಗೆ ಅಂದನೆಂದರೆ, ಅಲ್ಲಿದ್ದವರೆಲ್ಲ ನನ್ನನ್ನೇ ಕಲ್ಲೆದೆಯವಳಂತೆ ನೋಡಿದರು.

ಸಂಕ್ರಮಣದ ಕುಸುರೆಳ್ಳು ಈ ಸಲ ಕಳಿಸಲಾಗುವುದಿಲ್ಲ, ಬೇಸರ ಮಾಡಿಕೊಳ್ಳಬೇಡ. ವೈನಿಗೆ ನನ್ನ ನಮಸ್ಕಾರ ಹೇಳು, ಸಂಗೂನ ಗಲ್ಲಕ್ಕೆ ಒಂದು ಮುದ್ದು ಕೊಡು. ನಿಮ್ಮ ಮನೆ ತಣ್ಣಗಿರಲಿ.

ನಿನ್ನ ತಂಗಿ
ನಿರ್ಮಲಾ

ತಾ.ಕ.: ಪೀರಾಂಬಿ ಅಂಚೆಗೆ ಹೊರಟು ನಿಂತಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಹೋಗುತ್ತೇನೆ ಎಂದು ನಿನ್ನೆ ಒಪ್ಪಿಕೊಂಡುಬಿಟ್ಟೆ. ಸುಮಯ್ಯಾ ಮೇಡಂ ಬಹಳ ತಡೆದರು, ಇನ್ನೊಂದು ತಾರೀಕು ಕೇಳೋಣ ಎಂದರು; ಆ ತಾರೀಕು ಬರುವವರೆಗೆ ಉಣ್ಣುವುದೇನು? ಸೋಮವಾರ ಅಮೋಘಿ ಟಂಟಂ ಗಾಡಿ ತರುತ್ತಾನೆ, ಕನಮಡಿಗೆ ಅವನ ಮನೆಗೆ ಹೋಗುತ್ತೇನೆ. ಹೊಲಿಗೆ ಮಿಷಿನ್ನು ಪೀರಾಂಬಿಗೆ ಕೊಟ್ಟೆ. ನಿನ್ನನ್ನು ಒಂದೇ ಮಾತು ಕೇಳುತ್ತೇನೆ ಅಣ್ಣಾ. ಮತ್ತೆ ನಿನ್ನನ್ನು ದವಾಖಾನೆಗೆ ಕರೆಸಿದರೆ, ಪಾವಟಿಗೆಯಿಂದ ಬಿದ್ದಳು ಎಂದು ಬರೆಸಬೇಡ.